ಎಣಿಕೆ ತಪ್ಪಿಸುವ ಸಂಗೀತ

ಕೇಳುಗರಿಗೆ ನಮಸ್ಕಾರ. ಕೈಲಿರುವ ಕೆಲಸ ಒಂದು ನಿಮಿಷ ಬಿಟ್ಟು, ಹಾಗೇ ತೊಡೆ ತಟ್ಟಿ ನೋಡಿ. ತಕಿಟ ತಕಧಿಮಿ, ತಕಿಟ ತಕಧಿಮಿ. ಏಳರ ಲೆಕ್ಕ, ನಮ್ಮ ಮಿಶ್ರಚಾಪು ತಾಳ. ಎರಡನೇ ಸುತ್ತಿಗೇ ಕೈ ಹಿಡಿತಕ್ಕೆ ಬಂತಲ್ಲ? ಈಗ ಅಲ್ಲಿಂದ ಐದಕ್ಕೆ ಹಾರಿ, ಐದರಿಂದ ಹನ್ನೊಂದಕ್ಕೆ. ನಡುವೆ ಗಕ್ಕನೆ ನಿಲ್ಲಿ, ಮತ್ತೆ ಹೇಳದೆ ಕೇಳದೆ ಶುರು ಮಾಡಿ. ಅದೂ ಗಂಟಲು ಹರಿಯುವ ಹಾಗೆ ಕಿರುಚುತ್ತ. ಮ್ಯಾಥ್‌ಕೋರ್ ಎಂಬ ಅಬ್ಬರದ ರಾಕ್ ಸಂಗೀತ ಅಂದರೆ ಹೆಚ್ಚುಕಡಿಮೆ ಇದೇ. ನಮ್ಮಲ್ಲಿ ಎಷ್ಟೇ ಲೆಕ್ಕಾಚಾರ ನಡೆದರೂ ಕೊನೆಗೆ ಸಮಕ್ಕೆ, ಅಂದರೆ ತಾಳ ಶುರುವಾದ ಜಾಗಕ್ಕೆ, ಬಂದು ಸೇರುತ್ತೇವೆಂಬ ಭರವಸೆ ಉಂಟು. ಇವರು ಆ ಭರವಸೆಗೇ ಕೈ ಹಾಕುತ್ತಾರೆ.

ಹಾಗೆ ಕೈ ಹಾಕಿದವರಲ್ಲಿ ಮೊದಲ ಸಾಲಿನವರು ದಿ ಡಿಲಿಂಜರ್ ಎಸ್ಕೇಪ್ ಪ್ಲ್ಯಾನ್. ಅಮೆರಿಕದ ನ್ಯೂಜೆರ್ಸಿಯಲ್ಲಿ 1997ರಲ್ಲಿ ಹುಟ್ಟಿದ ತಂಡ. ಜೈಲಿನಿಂದ ತಪ್ಪಿಸಿಕೊಂಡ ದರೋಡೆಕೋರ ಜಾನ್ ಡಿಲಿಂಜರನ ಹೆಸರು ಇಟ್ಟುಕೊಂಡವರು. ತಾಳದ ಬೇಲಿ ಹಾರುವವರಿಗೆ ಒಪ್ಪುವ ಹೆಸರೇ ಅನ್ನಿ.

1999ರ ‘ಕ್ಯಾಲ್ಕ್ಯುಲೇಟಿಂಗ್ ಇನ್ಫಿನಿಟಿ’ ಇವರ ಮೊದಲ ಪೂರ್ಣ ಆಲ್ಬಮ್. ಅದರ ಹೊತ್ತಿಗೆ ಬೇಸ್ ಗಿಟಾರ್ ನುಡಿಸುವ ಆಡಮ್ ಡಾಲ್ ಕಾರು ಅಪಘಾತಕ್ಕೆ ಸಿಕ್ಕಿ ಮೈ ಸ್ವಾಧೀನ ಕಳೆದುಕೊಂಡಿದ್ದರು. ಗಿಟಾರಿನ ಬೆನ್ ವೈನ್‌ಮನ್ ಬೇಸನ್ನೂ ತಾವೇ ನುಡಿಸಿ ಮುಗಿಸಿದರು. ಡ್ರಮ್ಸಿಗೆ ಕ್ರಿಸ್ ಪೆನ್ನಿ. ಮುಕ್ಕಾಲು ಗಂಟೆಯೂ ಇಲ್ಲದ ಆ ಆಲ್ಬಮನ್ನು ಮೊದಲ ಸಲ ಕೇಳಿದರೆ ಪಾತ್ರೆ ಅಂಗಡಿಯ ಅಟ್ಟ ಕುಸಿದಂತೆ. ನಾಲ್ಕನೇ ಸಲಕ್ಕೆ ಗೊತ್ತಾಗುತ್ತದೆ, ಒಂದೊಂದು ಪಾತ್ರೆಯೂ ಎಲ್ಲಿ ಬೀಳಬೇಕೋ ಅಲ್ಲೇ ಬಿದ್ದಿದೆ. ನನಗೆ ಇವರ ದೊಡ್ಡಸ್ತಿಕೆ ಕಾಣುವುದು ವೇಗದಲ್ಲಿ ಅಲ್ಲ, ಈ ಕರಾರುವಾಕ್ಕಿನಲ್ಲಿ.

2001ರಲ್ಲಿ ಗಾಯಕ ಡಿಮಿಟ್ರಿ ಮಿನಕಾಕಿಸ್ ಹೊರನಡೆದರು. ಆಗ ತಂಡ ಮಾಡಿದ ಉಪಾಯ ಚೆನ್ನಾಗಿದೆ: ‘ಫಾರ್ಟಿ-ತ್ರೀ ಪರ್ಸೆಂಟ್ ಬರ್ನ್ಟ್’ ಎಂಬ ತಮ್ಮ ಹಾಡಿನಿಂದ ದನಿ ತೆಗೆದು, ಬರೀ ವಾದ್ಯವನ್ನು ಇಂಟರ್ನೆಟ್ಟಿಗೆ ಬಿಟ್ಟು, ‘ಯಾರು ಬೇಕಾದರೂ ಹಾಡಿ ಕಳಿಸಿ’ ಎಂದರು. ಹಾಗೆ ಸಿಕ್ಕವರು ಗ್ರೆಗ್ ಪುಚಾಟೊ. ಅವರು ಕಿರುಚಿಗೆ ರಾಗವನ್ನೂ ಬೆರೆಸಿದರು. 2004ರ ‘ಮಿಸ್ ಮಷೀನ್’ನಲ್ಲಿ ಅದು ಸ್ಪಷ್ಟ. ‘ರಾಗ ಬಂತು, ತಂಡ ಕೆಟ್ಟಿತು’ ಎಂದು ಗೊಣಗಿದ ಹಳೆಯ ಅಭಿಮಾನಿಗಳೂ ಇದ್ದರು. ಇದು ಎಲ್ಲ ಸಂಗೀತದಲ್ಲೂ ಇದ್ದದ್ದೇ! ಇದರ ನಡುವೆ, 2002ರಲ್ಲಿ, ಫೇತ್ ನೋ ಮೋರ್ ಎಂಬ ರಾಕ್ ತಂಡದ ಗಾಯಕ ಮೈಕ್ ಪ್ಯಾಟನ್ ಕೂಡ ಇವರ ಒಂದು ಕಿರು ಆಲ್ಬಮಿಗೆ ಹಾಡಿದರು.

ಇವರ ನಂತರ ಬಂದ ಹುಡುಗರ ತಂಡಗಳು ಲೆಕ್ಕವಿಲ್ಲದಷ್ಟು. ಬೆಸ ತಾಳ ಕಲಿತರು, ಅಪಸ್ವರ ಕಲಿತರು. ಎಲ್ಲಿ ನಿಲ್ಲಬೇಕೆಂಬುದನ್ನು ಕಲಿತವರು ಕಡಿಮೆ.

2017ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಮೂರು ರಾತ್ರಿ ನುಡಿಸಿ ವಿದಾಯ ಹೇಳಿದರು. 2024ರಲ್ಲಿ, ಮೊದಲ ಆಲ್ಬಮಿಗೆ 25 ತುಂಬುವ ಹೊತ್ತಿಗೆ, ಅದೇ ಮಿನಕಾಕಿಸ್ ಜೊತೆಗೆ ಮತ್ತೆ ವೇದಿಕೆ ಏರಿದರು.

ಈಗ ಅವರ ಹಾಡಿನ ಒಂದು ತುಣುಕು. ನಡುವೆ ಸದ್ದು ಕಡಿದು ನಿಂತರೆ ರೇಡಿಯೊ ತಟ್ಟಬೇಡಿ. ಆ ಮೌನವೂ ಲೆಕ್ಕದಲ್ಲಿದೆ.