ತಟ್ಟೆಯ ಅಂಚಿಗೆ ಸರಿದ ಹಾಗಲಕಾಯಿ: ಮಕ್ಕಳು ‘ಬೇಡ’ ಅನ್ನೋದು ಯಾಕೆ?

[ದೃಶ್ಯ: ಊಟ ಮುಗಿದ ಸ್ಟೀಲ್ ತಟ್ಟೆ. ಅಂಚಿನಲ್ಲಿ ಕರಿಬೇವಿನ ಎಲೆಗಳ ಕೆಳಗೆ ಮೂರು ಹೋಳು ಹಾಗಲಕಾಯಿ.]

ನಮಸ್ಕಾರ. ಇದು ನನ್ನ ಅಕ್ಕನ ಮಗನ ತಟ್ಟೆ. ಅವನಿಗೆ ನಾಲ್ಕು ವರ್ಷ. ಅನ್ನ, ಸಾರು, ಮಜ್ಜಿಗೆ ಎಲ್ಲ ಖಾಲಿ ಮಾಡಿದ್ದಾನೆ. ಹಾಗಲಕಾಯಿ ಹೋಳನ್ನು ಮಾತ್ರ ಒಂದೊಂದಾಗಿ ಅಂಚಿಗೆ ಸರಿಸಿ, ಯಾರಿಗೂ ಕಾಣದ ಹಾಗೆ ಮೇಲೆ ಕರಿಬೇವು ಮುಚ್ಚಿಟ್ಟಿದ್ದಾನೆ. ನಾಲ್ಕು ವರ್ಷದ ಮಗು ಒಂದು ತರಕಾರಿಯನ್ನು ಬಚ್ಚಿಡಬೇಕಾಗಿ ಬಂತಲ್ಲ, ಅದು ನನಗೆ ತುಂಬಾ ನೋವು ಕೊಟ್ಟಿತು. ಬೈತಾರೆ ಅಂತ ಅವನಿಗೆ ಗೊತ್ತಿತ್ತು. ಬೈದರು ಕೂಡ. “ಎಲ್ಲ ಹಠ. ಮುದ್ದು ಮಾಡಿ ಮಾಡಿ ಹೀಗಾಗಿದೆ” ಅಂದರು ನಮ್ಮಮ್ಮ.

ಹಠ. ನಮ್ಮ ಮನೆಗಳಲ್ಲಿ ಇದಕ್ಕೆ ಇರುವುದು ಇದೊಂದೇ ಹೆಸರು. ಆದರೆ ಆ ಮಗುವಿನ ನಾಲಿಗೆ ಮೇಲೆ ನಿಜಕ್ಕೂ ಏನಾಗುತ್ತಿದೆ ಅಂತ ಗೊತ್ತಾದರೆ ಆ ಪದವನ್ನು ಅಷ್ಟು ಸುಲಭವಾಗಿ ಬಳಸಲಿಕ್ಕೆ ಬಾಯಿ ಬರುವುದಿಲ್ಲ. ಇವತ್ತು ಅದನ್ನೇ ನೋಡೋಣ.

[ದೃಶ್ಯ: ಗಾಜಿನ ಬಾಟಲಿ, ಗಾಳಿಯಲ್ಲಿ ಹಾರುವ ಬಿಳಿ ಪುಡಿ.]

1931. ಅಮೆರಿಕದ ಡ್ಯೂಪಾಂಟ್ ಕಂಪನಿಯ ಪ್ರಯೋಗಾಲಯ. ಆರ್ಥರ್ ಫಾಕ್ಸ್ ಎಂಬ ರಸಾಯನ ವಿಜ್ಞಾನಿ ಒಂದು ಪುಡಿಯನ್ನು ಬಾಟಲಿಗೆ ತುಂಬುತ್ತಿದ್ದರು. ಅದರ ಹೆಸರು ಫಿನೈಲ್‌ಥಯೋಕಾರ್ಬಮೈಡ್, ಚಿಕ್ಕದಾಗಿ ಪಿಟಿಸಿ. ಸ್ವಲ್ಪ ಪುಡಿ ಗಾಳಿಗೆ ಹಾರಿತು. ಪಕ್ಕದಲ್ಲಿದ್ದ ಸಹೋದ್ಯೋಗಿ “ಅಬ್ಬಾ, ಏನು ಕಹಿ ಇದು!” ಅಂತ ದೂರಿದರು. ಪುಡಿಗೆ ಇನ್ನೂ ಹತ್ತಿರವಿದ್ದ ಫಾಕ್ಸ್‌ಗೆ ಏನೂ ಅನ್ನಿಸಲಿಲ್ಲ. ಅವರು ಬೇಕೆಂದೇ ಮತ್ತೆ ನಾಲಿಗೆಗೆ ಹಚ್ಚಿಕೊಂಡು ನೋಡಿದರು. ಆಗಲೂ ರುಚಿಯೇ ಇಲ್ಲ. ಆಮೇಲೆ ಬೇರೆಯವರಿಗೂ ಕೊಟ್ಟು ನೋಡಿದಾಗ ಜನ ಎರಡು ಗುಂಪಾದರು: ಮುಖ ಕಿವಿಚುವವರು ಒಂದು ಕಡೆ, “ಏನಿದೆ ಇದರಲ್ಲಿ?” ಅನ್ನುವವರು ಇನ್ನೊಂದು ಕಡೆ.

ನಿಮ್ಮಲ್ಲಿ ಬಯಾಲಜಿ ಓದಿದವರಿಗೆ ಇದು ನೆನಪಿರಬಹುದು. ಲ್ಯಾಬಿನಲ್ಲಿ ಒಂದು ಸಣ್ಣ ಕಾಗದದ ಚೂರು ಕೊಟ್ಟು ನಾಲಿಗೆ ಮೇಲೆ ಇಟ್ಟುಕೊಳ್ಳಿ ಅನ್ನುತ್ತಿದ್ದರು. ನನ್ನ ಪಕ್ಕದ ಗೆಳತಿ ಓಡಿಹೋಗಿ ಬಾಯಿ ಮುಕ್ಕಳಿಸಿದಳು. ನನಗೆ ಬರೀ ಕಾಗದ ಅಗಿದ ಹಾಗಿತ್ತು. ಒಂದೇ ಬೆಂಚು, ಒಂದೇ ಕಾಗದ. ಅವಳು ನಾಟಕ ಆಡುತ್ತಿದ್ದಾಳೆ ಅಂತಲೇ ನಾನು ಅಂದುಕೊಂಡಿದ್ದೆ.

ನಾಟಕ ಅಲ್ಲ. 2003ರಲ್ಲಿ ಈ ವ್ಯತ್ಯಾಸಕ್ಕೆ ಕಾರಣವಾದ ಜೀನ್ ಸಿಕ್ಕಿತು. ಅದರ ಹೆಸರು ಟಾಸ್2ಆರ್38. ನಾಲಿಗೆಯಲ್ಲಿ ಕಹಿಯನ್ನು ಹಿಡಿಯುವ ಒಂದು ಗ್ರಾಹಕವನ್ನು, ಅಂದರೆ ರಿಸೆಪ್ಟರನ್ನು, ಅದು ಕಟ್ಟುತ್ತದೆ. ಕೆಲವರಲ್ಲಿ ಆ ಗ್ರಾಹಕ ಬಹಳ ಚುರುಕು, ಕೆಲವರಲ್ಲಿ ಮಂಕು. ಪಿಟಿಸಿ ನಾವು ತಿನ್ನುವ ವಸ್ತುವಲ್ಲ, ನಿಜ. ಆದರೆ ಅದನ್ನೇ ಹೋಲುವ ಅಂಶಗಳು ಎಲೆಕೋಸು, ಹೂಕೋಸು, ನವಿಲುಕೋಸು, ಮೂಲಂಗಿ, ಬ್ರೊಕೊಲಿ ಈ ಕುಟುಂಬದ ತರಕಾರಿಗಳಲ್ಲಿವೆ. ಅಂದರೆ ಒಂದೇ ಪಾತ್ರೆಯಿಂದ ಬಡಿಸಿದ ಕೋಸಿನ ಪಲ್ಯ ಅಣ್ಣನಿಗೆ ಹಿತವಾಗಿದ್ದು ತಮ್ಮನಿಗೆ ಕಹಿಯಾಗಿರಬಹುದು. “ಅಣ್ಣ ತಿಂತಾನೆ, ನಿನಗೇನು ಬಂದಿದೆ?” ಅಂತ ನಾವು ಕೇಳುತ್ತೇವೆ. ಬಂದಿರುವುದು ಬೇರೆ ನಾಲಿಗೆ.

ಹಾಗಲಕಾಯಿಯ ಕಹಿ ಬೇರೆ ಜಾತಿಯದು, ಅದನ್ನು ಈ ಗ್ರಾಹಕಕ್ಕೆ ಗಂಟು ಹಾಕಬಾರದು. ನಮ್ಮಲ್ಲಿ ಕಹಿಗೆ ಸುಮಾರು 25 ಬಗೆಯ ಗ್ರಾಹಕಗಳಿವೆ. ಸಿಹಿಗೆ ಎಷ್ಟು ಗೊತ್ತಾ? ಮುಖ್ಯವಾಗಿ ಒಂದೇ. ದೇಹ ಕಹಿಯ ಮೇಲೆ ಎಷ್ಟು ಕಾವಲು ಇಟ್ಟಿದೆ ನೋಡಿ.

ಇನ್ನೊಂದು ಸಂಗತಿ ನನ್ನನ್ನು ನಿಜಕ್ಕೂ ಅಲ್ಲಾಡಿಸಿತು. ಫಿಲಡೆಲ್ಫಿಯಾದಲ್ಲಿ ಮೊನೆಲ್ ಎಂಬ ಸಂಶೋಧನಾ ಕೇಂದ್ರವಿದೆ, ರುಚಿ ಮತ್ತು ವಾಸನೆಯ ಅಧ್ಯಯನಕ್ಕೇ ಮೀಸಲು. ಅಲ್ಲಿನ ಜೂಲಿ ಮೆನೆಲ್ಲಾ ಮತ್ತು ಸಂಗಡಿಗರು 2005ರಲ್ಲಿ ತಾಯಂದಿರನ್ನೂ ಮಕ್ಕಳನ್ನೂ ಜೊತೆಯಲ್ಲಿ ಪರೀಕ್ಷಿಸಿದರು. ಆ ಟಾಸ್2ಆರ್38 ಜೀನ್ ಎಲ್ಲರಿಗೂ ಎರಡು ಪ್ರತಿಯಲ್ಲಿ ಬರುತ್ತದೆ, ಅಮ್ಮನಿಂದ ಒಂದು, ಅಪ್ಪನಿಂದ ಒಂದು. ಒಂದು ಪ್ರತಿ ಚುರುಕು, ಇನ್ನೊಂದು ಪ್ರತಿ ಮಂಕು ಇರುವವರನ್ನು ನೋಡಿದಾಗ, ಜೀನ್ ಒಂದೇ ಇದ್ದರೂ ಮಕ್ಕಳಿಗೆ ಕಹಿ ತಾಯಂದಿರಿಗಿಂತ ಬೇಗ ಗೊತ್ತಾಗುತ್ತಿತ್ತು. ಅಮ್ಮ ಒಂದು ತುತ್ತು ತಿಂದು ತೋರಿಸಿ “ನೋಡು, ಒಂಚೂರೂ ಕಹಿ ಇಲ್ಲ” ಅಂದಾಗ ಅವಳು ಸುಳ್ಳು ಹೇಳುತ್ತಿಲ್ಲ. ಕಹಿ ಅಂತ ಅಳುವ ಮಗುವೂ ಸುಳ್ಳು ಹೇಳುತ್ತಿಲ್ಲ.

[ದೃಶ್ಯ: ಸೌತೆಕಾಯಿಯ ತೊಟ್ಟು ಕತ್ತರಿಸಿ, ಅದೇ ತುಂಡಿನಿಂದ ಉಜ್ಜುವ ಕೈಗಳು. ನೊರೆ ಬರುತ್ತದೆ.]

ಕಹಿಗೆ ಯಾಕಿಷ್ಟು ಕಾವಲು? ಗಿಡ ಓಡಲಾರದು. ತನ್ನನ್ನು ತಿನ್ನಲು ಬಂದವರನ್ನು ದೂರ ಇಡಲಿಕ್ಕೆ ಅದು ರಸಾಯನಗಳನ್ನು ಮಾಡಿಟ್ಟುಕೊಳ್ಳುತ್ತದೆ. ಅವುಗಳಲ್ಲಿ ಎಷ್ಟೋ ಕಹಿ, ಎಷ್ಟೋ ವಿಷ. ನಮ್ಮ ಅಡುಗೆಮನೆಗಳಿಗೆ ಇದು ಹೊಸ ವಿಷಯವಲ್ಲ. ಸೌತೆಕಾಯಿ ಹೆಚ್ಚುವ ಮುಂಚೆ ತೊಟ್ಟಿನ ಕಡೆಯ ಒಂದು ಚೂರನ್ನು ಬಾಯಿಗೆ ಹಾಕಿ ನೋಡುವ ಅಭ್ಯಾಸ ಎಷ್ಟು ಮನೆಗಳಲ್ಲಿಲ್ಲ? ಸೋರೆಕಾಯಿ ವಿಷಯದಲ್ಲಂತೂ ಆ ಚೂರು ಜೀವ ಉಳಿಸಬಹುದು. ಸೋರೆ, ಸೌತೆ, ಹೀರೆ ಇವುಗಳ ಕುಟುಂಬದಲ್ಲಿ ಕುಕುರ್ಬಿಟಾಸಿನ್ ಎಂಬ ಕಹಿ ವಿಷ ಇರುತ್ತದೆ. ಸಾಮಾನ್ಯ ಕಾಯಿಯಲ್ಲಿ ಅದು ತೀರಾ ಕಡಿಮೆ, ಕೆಲವೊಮ್ಮೆ ಒಂದು ಕಾಯಿಯಲ್ಲಿ ಏರಿಬಿಡುತ್ತದೆ. ನಮ್ಮ ದೇಶದಲ್ಲಿ ಕಹಿ ಸೋರೆಕಾಯಿ ರಸವನ್ನು ಆರೋಗ್ಯಕ್ಕೆ ಒಳ್ಳೆಯದು ಅಂತ ಮೂಗು ಮುಚ್ಚಿ ಕುಡಿದು ಸತ್ತವರಿದ್ದಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ತಜ್ಞರ ಸಮಿತಿ ಮಾಡಿ, ರಸ ತೆಗೆಯುವ ಮುಂಚೆ ಚೂರು ರುಚಿ ನೋಡಿ, ಕಹಿ ಇದ್ದರೆ ಎಸೆಯಿರಿ ಅಂತ ಸಲಹೆ ಕೊಟ್ಟಿದೆ. ದಯವಿಟ್ಟು ಇದನ್ನು ಮನೆಯಲ್ಲಿ ಎಲ್ಲರಿಗೂ ಹೇಳಿ. ಸೋರೆಕಾಯಿ ಕಹಿ ಅಂತ ಮಗು ಉಗುಳಿದರೆ, ಮೊದಲು ನೀವು ಒಂದು ಚೂರು ರುಚಿ ನೋಡಿ.

ಎಲ್ಲ ಇಷ್ಟವಿಲ್ಲದಿಕೆಗೂ ಕಹಿಯೇ ಕಾರಣವಲ್ಲ. ಬೆಂಡೆಕಾಯಿಯ ಲೋಳೆ, ಬದನೆಕಾಯಿಯ ಮೆತ್ತನೆ ತಿರುಳು, ಹಾಲಿನ ಮೇಲಿನ ಕೆನೆ, ಇವುಗಳಲ್ಲಿ ಬಾಯಿಗೆ ಸಿಗುವ ಸ್ಪರ್ಶವೇ ತೊಂದರೆ. ಕೊತ್ತಂಬರಿ ಸೊಪ್ಪಿನಲ್ಲಿ ವಾಸನೆ. ಅದರಲ್ಲಿರುವ ಆಲ್ಡಿಹೈಡು ಎಂಬ ವಾಸನೆಯ ರಸಾಯನಗಳು ಸೋಪಿನಲ್ಲೂ ಕೆಲವು ತಿಗಣೆಗಳ ದುರ್ವಾಸನೆಯಲ್ಲೂ ಇರುವಂಥವೇ. 2012ರಲ್ಲಿ ಕೆನಡಾದಲ್ಲಿ ಯುವಜನರನ್ನು ಕೇಳಿದಾಗ ಯುರೋಪ್ ಮೂಲದವರಲ್ಲಿ ನೂರಕ್ಕೆ 17 ಮಂದಿ ಕೊತ್ತಂಬರಿ ಇಷ್ಟವಿಲ್ಲ ಅಂದರು. ದಕ್ಷಿಣ ಏಷ್ಯಾ ಮೂಲದವರಲ್ಲಿ ಅದು ಬರೀ 7. ಸಾರಿಗೆ, ಚಿತ್ರಾನ್ನಕ್ಕೆ, ಚಟ್ನಿಗೆ ಎಲ್ಲದಕ್ಕೂ ಕೊತ್ತಂಬರಿ ಉದುರಿಸುವ ಮನೆಗಳಲ್ಲಿ ಬೆಳೆದವರು ತಾನೆ. ಆದರೂ ಆ 7 ಜನ ಇದ್ದೇ ಇದ್ದಾರೆ. ನಿಮ್ಮ ಮನೆಯಲ್ಲಿ ಸಾರಿನಿಂದ ಸೊಪ್ಪು ಆರಿಸಿ ತೆಗೆಯುವವರಿದ್ದರೆ, ಅವರಿಗೆ ನಿಜವಾಗಿಯೂ ಸೋಪಿನ ವಾಸನೆ ಬರುತ್ತಿರಬಹುದು.

[ದೃಶ್ಯ: ಆಗುಂಬೆ ಘಾಟಿಯ ತಿರುವುಗಳು, ಬಸ್ಸಿನ ಕಿಟಕಿಯಿಂದ.]

ಇನ್ನೊಂದು ಬಗೆ ನನ್ನದೇ ಅನುಭವ. ಏಳನೇ ಕ್ಲಾಸಿನಲ್ಲಿದ್ದಾಗ ಬೆಳಿಗ್ಗೆ ಚಿತ್ರಾನ್ನ ತಿಂದು ಬಸ್ ಹತ್ತಿದೆ. ಆಗುಂಬೆ ಘಾಟಿ ಇಳಿಯುವಾಗ ವಾಂತಿ ಶುರುವಾಗಿದ್ದು ಉಡುಪಿ ಮುಟ್ಟುವವರೆಗೂ ನಿಲ್ಲಲಿಲ್ಲ. ತಪ್ಪು ತಿರುವುಗಳದ್ದು, ಚಿತ್ರಾನ್ನದ್ದಲ್ಲ. ಆದರೂ ಆಮೇಲೆ ಹತ್ತು ವರ್ಷ ಒಗ್ಗರಣೆಯ ಅರಿಶಿನ-ನಿಂಬೆಹಣ್ಣಿನ ಘಮ ಬಂದರೆ ಸಾಕು, ಹೊಟ್ಟೆ ತೊಳಸುತ್ತಿತ್ತು. 1955ರಲ್ಲಿ ಜಾನ್ ಗಾರ್ಸಿಯಾ ಮತ್ತು ಸಂಗಡಿಗರು ಇಲಿಗಳಲ್ಲಿ ಇದನ್ನೇ ತೋರಿಸಿದರು. ಸಿಹಿ ರುಚಿ ಬೆರೆಸಿದ ನೀರು ಕುಡಿಯುತ್ತಿದ್ದ ಇಲಿಗಳಿಗೆ ವಿಕಿರಣ ತಾಗಿಸಿ ಅಸ್ವಸ್ಥ ಮಾಡಿದರೆ, ಆಮೇಲೆ ಅವು ಆ ಸಿಹಿ ರುಚಿಯ ನೀರಿನಿಂದ ದೂರ ಉಳಿದವು. ಇಂಥ ಪಾಠವನ್ನು ಹೊಟ್ಟೆ ಒಂದೇ ಸಲಕ್ಕೆ ಕಲಿಯುತ್ತದೆ, ಊಟಕ್ಕೂ ವಾಂತಿಗೂ ನಡುವೆ ಗಂಟೆಗಳು ಕಳೆದಿದ್ದರೂ. ಜ್ವರ ಬಂದಾಗ ಮಗುವಿಗೆ ತುರುಕಿದ ಗಂಜಿಯನ್ನು ಅದು ವಾಸಿಯಾದ ಮೇಲೂ ಮೂಸದಿರುವುದು ಇದರಿಂದಲೇ ಇರಬಹುದು.

ಈಗ ಬಲವಂತದ ಮಾತು. ನನಗೆ ಇವತ್ತು ಮುಖ್ಯವಾಗಿ ಹೇಳಬೇಕಾಗಿರುವುದೂ ಇದೇ.

1990ರ ಮಾರ್ಚ್‌ನಲ್ಲಿ ಅಮೆರಿಕದ ಅಧ್ಯಕ್ಷರಾಗಿದ್ದ ಹಿರಿಯ ಜಾರ್ಜ್ ಬುಷ್ ಪತ್ರಕರ್ತರ ಮುಂದೆ ತನಗೆ ಬ್ರೊಕೊಲಿ ಇಷ್ಟವಿಲ್ಲ, ಇನ್ನು ಮುಂದೆ ತಿನ್ನುವುದೂ ಇಲ್ಲ ಅಂತ ಹೇಳಿಬಿಟ್ಟರು. ಬ್ರೊಕೊಲಿ ಬೆಳೆಗಾರರು ನೊಂದು ವಾಷಿಂಗ್ಟನ್‌ಗೆ ಲೋಡುಗಟ್ಟಲೆ ಬ್ರೊಕೊಲಿ ಕಳಿಸಿದರು. ಸುದ್ದಿಯಾಗಿದ್ದು ಅದು. ನನ್ನ ಮನಸ್ಸು ನಿಂತಿದ್ದು ಅವರು ಕೊಟ್ಟ ಕಾರಣದ ಮೇಲೆ: ಚಿಕ್ಕವನಿದ್ದಾಗಿನಿಂದಲೂ ನನಗದು ಸೇರುತ್ತಿರಲಿಲ್ಲ, ಅಮ್ಮ ತಿನ್ನಿಸುತ್ತಿದ್ದರು. ಆಗ ಅವರಿಗೆ 65 ವರ್ಷ. ದೇಶ ಆಳುವ ಮನುಷ್ಯ ಆ ವಯಸ್ಸಿನಲ್ಲೂ ಆ ತಟ್ಟೆಯನ್ನು ಮರೆತಿರಲಿಲ್ಲ.

ನಾನೂ ಒಂದು ತಟ್ಟೆ ಮರೆತಿಲ್ಲ. ಹಾಸ್ಟೆಲಿನಲ್ಲಿ ತಟ್ಟೆ ಖಾಲಿಯಾಗದೆ ಏಳುವ ಹಾಗಿರಲಿಲ್ಲ. ಮೂಲಂಗಿ ಸಾಂಬಾರು ತಣ್ಣಗಾಗಿ ಮೇಲೆ ಎಣ್ಣೆ ಕಟ್ಟುವವರೆಗೂ ಒಬ್ಬಳು ಹುಡುಗಿ ಕೂತಿರುತ್ತಿದ್ದಳು. ನಾವೆಲ್ಲ ಎದ್ದು ಹೋಗುತ್ತಿದ್ದೆವು. ದೀಪ ಆರಿಸುವ ಹೊತ್ತಿಗೆ ಅವಳು ನೀರಿನ ಜೊತೆ ಒಂದೊಂದೇ ಹೋಳು ನುಂಗುತ್ತಿದ್ದಳು, ಮಾತ್ರೆ ನುಂಗಿದ ಹಾಗೆ. ನಾವು ಯಾರೂ ಅವಳ ಪರವಾಗಿ ಒಂದು ಮಾತು ಆಡಲಿಲ್ಲ.

ಮಕ್ಕಳ ಊಟದ ಬಗ್ಗೆ ದಶಕಗಳ ಕಾಲ ಕೆಲಸ ಮಾಡಿದ ಲಿಯಾನ್ ಬರ್ಚ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವಿದೆ. ಪುಟ್ಟ ಮಕ್ಕಳಿಗೆ ಎರಡು ಬಗೆಯ ಸೂಪ್ ಕೊಟ್ಟರು. ಒಂದಕ್ಕೆ ಏನೂ ಹೇಳಲಿಲ್ಲ. ಇನ್ನೊಂದನ್ನು ಕೊಡುವಾಗ “ಸೂಪ್ ಮುಗಿಸಪ್ಪಾ” ಅಂತ ಮತ್ತೆ ಮತ್ತೆ ಹೇಳಿದರು, ಬೈಗುಳವಿಲ್ಲ, ಹೊಡೆತವಿಲ್ಲ. ಅಷ್ಟಕ್ಕೇ ಮಕ್ಕಳು ಆ ಸೂಪನ್ನು ಕಡಿಮೆ ಕುಡಿದರು, ಅದರ ಬಗ್ಗೆ ಹೆಚ್ಚು ದೂರಿದರು. ಬರ್ಚ್ ಅವರದೇ 1982ರ ಇನ್ನೊಂದು ಅಧ್ಯಯನದಲ್ಲಿ ಎರಡು ವರ್ಷದ ಮಕ್ಕಳಿಗೆ ಹೊಸ ಹಣ್ಣು, ಹೊಸ ಚೀಸ್‌ಗಳನ್ನು ಸುಮ್ಮನೆ ರುಚಿಗೆ ಕೊಟ್ಟರು, ಕೆಲವನ್ನು 20 ಸಲದವರೆಗೂ. ಹೆಚ್ಚು ಸಲ ಬಾಯಿಗೆ ತಾಗಿದ್ದನ್ನೇ ಮಕ್ಕಳು ಹೆಚ್ಚು ಆರಿಸಿಕೊಂಡರು. ನಾವು ಮೂರನೇ ಸಲಕ್ಕೆ “ಇವನಿಗೆ ಇದು ಆಗಲ್ಲ” ಅಂತ ಕೈಬಿಡುತ್ತೇವೆ, ಇಲ್ಲವೇ ತುರುಕುತ್ತೇವೆ. ಹೊಸ ತಿಂಡಿಗೆ ಮಕ್ಕಳು ಹೆದರುವುದು ಎರಡರಿಂದ ಆರು ವರ್ಷದ ನಡುವೆ ಹೆಚ್ಚು. ನಡೆಯಲು ಕಲಿತು, ಕೈಗೆ ಸಿಕ್ಕಿದ ಹಣ್ಣು ಎಲೆ ಬಾಯಿಗೆ ಹಾಕಿಕೊಳ್ಳುವ ವಯಸ್ಸು ಅದು. ಆ ಹೆದರಿಕೆ ಅವರನ್ನು ಕಾಯುತ್ತಿರುತ್ತದೆ.

[ದೃಶ್ಯ: ಅಡುಗೆಮನೆ. ತೆಳುವಾಗಿ ಬಿಲ್ಲೆ ಮಾಡಿದ ಹಾಗಲಕಾಯಿ, ಮೇಲೆ ಕಲ್ಲುಪ್ಪು.]

ನಮ್ಮಮ್ಮ ಹಾಗಲಕಾಯಿ ಗೊಜ್ಜು ಮಾಡುವುದನ್ನು ತೋರಿಸುತ್ತೇನೆ. ಬಿಲ್ಲೆ ಮಾಡಿ ಉಪ್ಪು ಸವರಿ ಅರ್ಧ ಗಂಟೆ ಬಿಡುತ್ತಾರೆ. ನೋಡಿ, ತಟ್ಟೆಯಲ್ಲಿ ಹಸಿರು ನೀರು ನಿಂತಿದೆ. ಅಂಗೈಯಲ್ಲಿ ಹಿಂಡಿ ತೆಗೆದು, ಎಣ್ಣೆಯಲ್ಲಿ ಅಂಚು ಕಂದುವವರೆಗೆ ಹುರಿದು, ಹುಣಸೆರಸ, ಬೆಲ್ಲ, ಹುರಿದ ಎಳ್ಳು-ಕೊಬ್ಬರಿ-ಮೆಣಸಿನಕಾಯಿ ಪುಡಿ ಹಾಕಿ, ಅಂಚಿನಲ್ಲಿ ಎಣ್ಣೆ ಬಿಡುವ ತನಕ ಕುದಿಸುತ್ತಾರೆ. ಉಪ್ಪಿನ ಕೆಲಸ ಬರೀ ನೀರು ತೆಗೆಯುವುದಲ್ಲ. ಉಪ್ಪು ನಾಲಿಗೆಯ ಮೇಲೆ ಕಹಿಯನ್ನೇ ತಗ್ಗಿಸುತ್ತದೆ, ಕಹಿ ತಗ್ಗಿದಾಗ ಅದರಡಿ ಮುಚ್ಚಿಹೋಗಿದ್ದ ಸಿಹಿ ಮೇಲೇಳುತ್ತದೆ. ಮೊನೆಲ್ ಕೇಂದ್ರದವರು 1997ರಲ್ಲಿ ಇದನ್ನು ಪ್ರಯೋಗದಲ್ಲಿ ತೋರಿಸಿದರು. ಈ ಗೊಜ್ಜು ಕಲಿಸಿದ ನಮ್ಮ ಅಜ್ಜಿಯ ಕೈಗೆ ಅದು ಮೊದಲೇ ಗೊತ್ತಿತ್ತು. ಬೆಂಡೆಕಾಯಿ ಗೊಜ್ಜಿನಲ್ಲೂ ಹಾಗೆ, ತೊಳೆದು ಒರೆಸಿ ಒಣಗಿಸಿದ ಕಾಯನ್ನು ಹುರಿದು ಹುಣಸೆಹುಳಿ ಸೇರಿಸಿದರೆ ಲೋಳೆ ಮಾಯ.

ಬಸುರಿಯರಿಗೂ ಒಂದು ಮಾತು. 2001ರಲ್ಲಿ ಮೆನೆಲ್ಲಾ ಅವರ ತಂಡ ಕೊನೆಯ ಮೂರು ತಿಂಗಳಲ್ಲಿ ಕೆಲವು ತಾಯಂದಿರಿಗೆ ಕ್ಯಾರೆಟ್ ರಸ ಕೊಟ್ಟಿತು. ಆ ಮಕ್ಕಳು ಗಟ್ಟಿ ಆಹಾರ ಶುರು ಮಾಡಿದಾಗ ಕ್ಯಾರೆಟ್ ರುಚಿಗೆ ಮುಖ ಸಿಂಡರಿಸಿದ್ದು ಕಡಿಮೆ. ತಾಯಿ ತಿಂದದ್ದರ ರುಚಿ ಗರ್ಭದ ನೀರಿಗೂ ಎದೆಹಾಲಿಗೂ ಇಳಿಯುತ್ತದೆ. ನಿಮಗೆ ಇಷ್ಟವಾದ ಸೊಪ್ಪು ತರಕಾರಿ ತಿನ್ನಿ.

ಒಂದು ಎಚ್ಚರಿಕೆ ಮಾತ್ರ ಗಮನವಿಟ್ಟು ಕೇಳಿ. ಮಗು ತಿನ್ನುವ ಪದಾರ್ಥಗಳು ದಿನದಿಂದ ದಿನಕ್ಕೆ ಕಡಿಮೆಯಾಗುತ್ತಿದ್ದರೆ, ತೂಕ ಏರದೆ ನಿಂತಿದ್ದರೆ, ನುಂಗಲು ಹೆದರುತ್ತಿದ್ದರೆ, ಅದು ಬರೀ ಇಷ್ಟವಿಲ್ಲದಿಕೆಯಲ್ಲ. ವೈದ್ಯರು ಅದನ್ನು 2013ರಿಂದ ಆರ್ಫಿಡ್ (ARFID, ಊಟವನ್ನು ತಪ್ಪಿಸುವ ಇಲ್ಲವೇ ತೀರಾ ಮಿತಿಗೊಳಿಸುವ ಕಾಯಿಲೆ) ಎಂಬ ಹೆಸರಿನಲ್ಲಿ ಪ್ರತ್ಯೇಕ ತೊಂದರೆಯಾಗಿಯೇ ಗುರುತಿಸುತ್ತಾರೆ. ಮಕ್ಕಳ ಡಾಕ್ಟರಿಗೆ ತೋರಿಸಿ. “ದೊಡ್ಡವನಾದ ಮೇಲೆ ಸರಿಹೋಗುತ್ತೆ” ಅಂತ ಕಾಯಬೇಡಿ.

[ದೃಶ್ಯ: ಮತ್ತೆ ಅದೇ ಸ್ಟೀಲ್ ತಟ್ಟೆ. ಎರಡು ತಿಂಗಳ ನಂತರ.]

ನಮ್ಮ ಮನೆಯಲ್ಲಿ ಅಮ್ಮನ ಜೊತೆ ಕೂತು ಇದೆಲ್ಲ ಮಾತಾಡಿದೆ. ಅವರು ಬೇಗ ಒಪ್ಪಲಿಲ್ಲ. “ನಿಮಗೆಲ್ಲ ಹೀಗೇ ತಿನ್ನಿಸಿದ್ದಲ್ವೇನೇ?” ಅಂದರು. ಆಮೇಲೆ ತಾವೇ ಯೋಚನೆ ಮಾಡಿ, ಗೊಜ್ಜು ಮಾಡಿದ ದಿನ ಅವನಿಗೆ ಒಂದೇ ಹೋಳು ಬಡಿಸಿ ಸುಮ್ಮನಿರುವುದು ಅಂತ ಮಾಡಿಕೊಂಡರು. ತಿಂದರೂ ಮಾತಿಲ್ಲ, ಬಿಟ್ಟರೂ ಮಾತಿಲ್ಲ. ಇಲ್ಲಿಯವರೆಗೆ ಒಂಬತ್ತು ಸಲ ಆಗಿದೆ. ಅವನು ದೋಸೆಯ ಚೂರನ್ನು ಗೊಜ್ಜಿನ ರಸಕ್ಕೆ ಅದ್ದಿ ತಿನ್ನುತ್ತಾನೆ. ಹೋಳು ಮಾತ್ರ ಈಗಲೂ ತಟ್ಟೆಯ ಅಂಚಿನಲ್ಲೇ ಇರುತ್ತದೆ. ಆದರೆ ನೋಡಿ, ಕರಿಬೇವು ಅದರ ಮೇಲಿಲ್ಲ. ಬಚ್ಚಿಡುವುದನ್ನು ಬಿಟ್ಟಿದ್ದಾನೆ.