ದೋಣಿಗೆ ಬ್ಯಾಟರಿ ತರೋಕೆ ಹೊರಟೋರಿಗೆ

ಎಲ್ಲರಿಗೂ ನಮಸ್ಕಾರ. ಹತ್ತು ನಿಮಿಷ ಮಾತಾಡಿ ಅಂತ ಕರೆದಿದಾರೆ, ವಿಷಯ ಬ್ಯಾಟರಿ, ಅದ್ರಲ್ಲೂ ದೋಣಿಯ ಟ್ರೋಲಿಂಗ್ ಮೋಟರಿಗೆ ಹಾಕೋ ಬ್ಯಾಟರಿ. ಬೆಂಗ್ಳೂರಲ್ಲಿ ಕೂತು ಕೇಳ್ತಿರೋರಿಗೆ ಇದೇನಪ್ಪಾ ಅನ್ಸಬಹುದು, ಆದ್ರೆ ನಾನು ಮಾತಾಡ್ತಿರೋದು ಇಲ್ಲಿ ಮಿನೆಸೋಟದಲ್ಲಿ ಇರೋ ನಮ್ಮವರ ಹತ್ರ, ಬಂದು ಎಂಟು ಹತ್ತು ವರ್ಷ ಆದ್ಮೇಲೆ ಒಂದು ಸೆಕೆಂಡ್ ಹ್ಯಾಂಡ್ ಅಲ್ಯೂಮಿನಿಯಂ ದೋಣಿ ತಗೊಂಡು, ಮನೇಲಿ ಬೈಸ್ಕೊಂಡು, ಮೇ ತಿಂಗಳು ಯಾವಾಗ ಬರುತ್ತೋ ವಾಲೈ ಮೀನು ಯಾವಾಗ ಸಿಗುತ್ತೋ ಅಂತ ಕಾಯ್ತಾ ಕೂರೋ ನಿಮ್ಮಂಥೋರ ಹತ್ರ. ಟ್ರೋಲಿಂಗ್ ಮೋಟರ್ ಅಂದ್ರೆ ಗೊತ್ತಿಲ್ಲದೋರಿಗೆ ಒಂದೇ ಮಾತಲ್ಲಿ ಹೇಳ್ಬಿಡ್ತೀನಿ, ದೋಣೀನ ಸದ್ದಿಲ್ದೆ ನಿಧಾನಕ್ಕೆ ಓಡಿಸೋ ಚಿಕ್ಕ ಕರೆಂಟ್ ಮೋಟರ್, ಮೀನು ಬೆದರಬಾರದಲ್ಲ ಅದಕ್ಕೆ.

ಚಳಿಗಾಲ ಮುಗಿದು ಗ್ಯಾರೇಜ್ ಬಾಗಿಲು ತೆಗೆದ್ರೆ ಹಳೇ ಬ್ಯಾಟರಿ ಸತ್ತಿರುತ್ತೆ. ಹೊಸದು ತರ್ಬೇಕು. ಇಲ್ಲೇ ಎಲ್ಲರೂ ಎಡವೋದು, ನಾನೂ ಎಡವಿದೀನಿ. ನಾನು ಹೇಳೋ ವಿಷಯ ಒಂದೇ, ಬೇರೆ ಎಲ್ಲ ಮರೆತ್ರೂ ಪರವಾಗಿಲ್ಲ: ದೋಣಿಗೆ ಕಾರಿನ ಥರದ ಬ್ಯಾಟರಿ ಬೇಡ, ಊರಲ್ಲಿ ನಮ್ಮ ಮನೆ ಯುಪಿಎಸ್‌ಗೆ ಹಾಕ್ತೀವಲ್ಲ, ಆ ಜಾತಿಯ ಬ್ಯಾಟರಿ ಬೇಕು. ಇಲ್ಲಿ ಅದಕ್ಕೆ ಡೀಪ್ ಸೈಕಲ್ ಅಂತಾರೆ.

ಇದನ್ನ ನನಗೆ ಕಲಿಸಿದ್ದು ನಮ್ಮ ಮಾವ. ನಾನು ಎಲೆಕ್ಟ್ರಿಕಲ್ ಇಂಜಿನಿಯರ್, ಡಿಗ್ರಿ ಗೋಡೆ ಮೇಲಿದೆ, ಹೇಳ್ಕೊಳ್ಳೋಕೆ ನಾಚಿಕೆ ಆಗುತ್ತೆ. ಮಾವ ಅರಸೀಕೆರೇಲಿ ಮೂವತ್ತು ವರ್ಷ ಬ್ಯಾಟರಿ ಅಂಗಡಿ ಇಟ್ಟಿದ್ದೋರು, ಮೊದಲು ಲಾರಿ ಟ್ರ್ಯಾಕ್ಟರ್ ಬ್ಯಾಟರಿ ಚಾರ್ಜ್ ಮಾಡ್ಕೊಡ್ತಿದ್ರು, ಲೋಡ್ ಶೆಡ್ಡಿಂಗ್ ಜೋರಾದ್ಮೇಲೆ ಯುಪಿಎಸ್ ಬ್ಯಾಟರಿ. ಅವರು ಇಲ್ಲಿಗೆ ಬಂದಿದ್ದ ವರ್ಷಾನೇ ನನ್ನ ಹಳೇ ಬ್ಯಾಟರಿ ಹೋಗಿತ್ತು. ನಾನು ಅಂಗಡಿಗೆ ಹೋದೆ, ಒಂದರ ಮೇಲೆ ದೊಡ್ಡದಾಗಿ 800 ಅಂತ ಬರ್ದಿತ್ತು, ಪಕ್ಕದಲ್ಲಿ ಇನ್ನೊಂದಿತ್ತು ಅದರ ಮೇಲೆ ಬರೀ 100, ಬೆಲೆ ನೋಡಿದ್ರೆ ನೂರರದ್ದೇ ಜಾಸ್ತಿ! ಸರಿ, ನಾನು ಜಾಣ ಅಲ್ವಾ, 800ರದ್ದು ಎತ್ಕೊಂಡು ಬಂದೆ. ಮೊದಲ ಒಂದೆರಡು ಭಾನುವಾರ ಚೆನ್ನಾಗೇ ಓಡ್ತು. ಆಮೇಲೆ ಬರ್ತಾ ಬರ್ತಾ ಬೇಗ ಸೋಲೋಕೆ ಶುರುವಾಯ್ತು, ನಾನು ಚಾರ್ಜರ್ ಸರಿ ಇಲ್ಲ ಅಂದ್ಕೊಂಡೆ. ಆರನೇ ಸಲ ಮಾವನವರನ್ನೂ ಕರ್ಕೊಂಡು ಹೋದೆ. ಜೂನ್ ತಿಂಗಳು, ನಾವೆಲ್ಲ ಟೀ ಶರ್ಟಲ್ಲಿ, ಅವರು ಸ್ವೆಟರು, ಮಂಕಿ ಕ್ಯಾಪು, ಅದರ ಮೇಲೆ ಲೈಫ್ ಜಾಕೆಟ್ಟು. ಕೆರೆ ಮಧ್ಯ ಹೋದ್ವಿ, ಒಂದು ಮೀನೂ ಸಿಗ್ಲಿಲ್ಲ, ಗಾಳಿ ಎದ್ತು, ವಾಪಸ್ ಹೋಗೋಣ ಅಂತ ಸ್ಪೀಡ್ ಐದಕ್ಕೆ ತಿರುಗಿಸಿದ್ರೆ ಮೋಟರ್ ಗೊರ್ ಅಂದು ಎರಡು ನಿಮಿಷ ತಿರುಗಿ ನಿಂತೇ ಹೋಯ್ತು. ಗಾಳಿ ದೋಣೀನ ಜೊಂಡಿನ ಕಡೆ ತಳ್ತಾ ಇದೆ, ಇರೋದು ಒಂದೇ ಹುಟ್ಟು, ಅದೂ ಮಕ್ಕಳದ್ದು.

ಮಾವ ಗಾಬರಿ ಆಗ್ಲಿಲ್ಲ. ಕನ್ನಡಕ ಹಾಕ್ಕೊಂಡು ಬಗ್ಗಿ ಬ್ಯಾಟರಿ ಮೇಲಿನ ಚೀಟಿ ಓದಿದ್ರು. "ಅಳಿಯಂದ್ರೇ, ಈ 800 ಅಂದ್ರೆ ಏನು?" ಅಂದ್ರು. ಕ್ರ್ಯಾಂಕಿಂಗ್ ಆಂಪ್ ಮಾವ, ಅಂದೆ. "ಅಂದ್ರೆ ಸೆಲ್ಫ್ ಹೊಡೆಯೋಕೆ. ಇಲ್ಲಿ ಯಾವ ಇಂಜಿನ್ನಿಗೆ ಸೆಲ್ಫ್ ಹೊಡೀತೀರಿ ನೀವು? ನಮ್ಮನೆ ಯುಪಿಎಸ್‌ಗೆ ನಾನು ಲಾರಿ ಬ್ಯಾಟರಿ ಹಾಕ್ತೀನಾ?" ಅಂದ್ರು. ನಾನು ಸುಮ್ನೆ ಹುಟ್ಟು ಹಾಕ್ತಾ ಇದ್ದೆ. ಅವರು ಬಿಡ್ಲಿಲ್ಲ, ಕೂತು ಪಾಠ ಮಾಡಿದ್ರು. ಕಾರಿನ ಬ್ಯಾಟರಿ ಒಳಗೆ ಸೀಸದ ಪ್ಲೇಟು ಹಪ್ಪಳದ ಥರ ತೆಳ್ಳಗೆ ತುಂಬಾ ಇರುತ್ತೆ, ಎರಡು ಮೂರು ಸೆಕೆಂಡಲ್ಲಿ ಒಂದೇ ಸಲ ಭಾರೀ ಕರೆಂಟ್ ಕೊಡೋಕೆ, ಇಂಜಿನ್ ಸ್ಟಾರ್ಟ್ ಆದ ತಕ್ಷಣ ಆಲ್ಟರ್ನೇಟರ್ ತುಂಬಿಸ್ಬಿಡುತ್ತೆ, ಅದು ಯಾವತ್ತೂ ಪೂರ್ತಿ ಇಳಿಯೋದೇ ಇಲ್ಲ. ಯುಪಿಎಸ್‌ದು ಹಂಗಲ್ಲ, ರಾಗಿ ರೊಟ್ಟಿ ಥರ ದಪ್ಪ, ಗಂಟೆಗಟ್ಲೆ ಸ್ವಲ್ಪ ಸ್ವಲ್ಪ ಕೊಡುತ್ತೆ, ಇಳಿಯುತ್ತೆ, ಮತ್ತೆ ತುಂಬಿಸ್ಕೊಳ್ಳುತ್ತೆ. ಹಪ್ಪಳಾನ ದಿನಾ ಪೂರ್ತಿ ಇಳಿಸಿ ತುಂಬಿಸಿ ಮಾಡಿದ್ರೆ ಪುಡಿ ಉದುರಿ ತಳ ಸೇರುತ್ತೆ, ಅಷ್ಟೇ ಕಥೆ. ಕೊನೆಗೆ ಪಾಂಟೂನ್ ದೋಣೀಲಿ ಬಂದ ಒಬ್ಬ ಮುದುಕಪ್ಪ ಹಗ್ಗ ಎಸೆದು ನಮ್ಮನ್ನ ದಡಕ್ಕೆ ಎಳ್ಕೊಂಡು ಹೋದ್ರು, ದಡ ಮುಟ್ಟಿದ ಮೇಲೆ ಮಾವ ಏನ್ ಮಾಡಿದ್ರು ಗೊತ್ತಾ, ಅವರ ಬ್ಯಾಟರಿ ತೋರ್ಸೋಕೆ ಕೇಳಿ ಅಂದ್ರು! ನಾನು ಇಂಗ್ಲಿಷಲ್ಲಿ ಕೇಳ್ಬೇಕಾಯ್ತು. ಆ ಮನುಷ್ಯ ಖುಷಿಯಾಗಿ ಸೀಟ್ ಎತ್ತಿ ತೋರಿಸಿದ್ರು, ಡೀಪ್ ಸೈಕಲ್. ಮಾವ ನನ್ನ ಕಡೆ ಒಂದ್ಸಲ ನೋಡಿದ್ರು. ಆ ನೋಟ ಇವತ್ತಿಗೂ ಮರೆತಿಲ್ಲ.

ಒಂದು ತಮಾಷೆ ಹೇಳ್ಬಿಡ್ತೀನಿ. ಮಿನ್ ಕೋಟ ಅಂತ ಮೋಟರ್ ಇದ್ಯಲ್ಲ, ಮಿನೆಸೋಟ, ನಾರ್ತ್ ಡಕೋಟ ಎರಡೂ ಸೇರಿಸಿ ಇಟ್ಟ ಹೆಸರು, ಅದು ಶುರುವಾಗಿದ್ದು 1934ರಲ್ಲಿ ಇಲ್ಲೇ ಗಡಿ ಊರು ಫಾರ್ಗೋದಲ್ಲಿ, ಓ. ಜಿ. ಸ್ಮಿಟ್ ಅನ್ನೋರು ಫೋರ್ಡ್ ಕಾರಿನ ಸ್ಟಾರ್ಟರ್ ಮೋಟರ್ ಬಿಚ್ಚಿ ಅದಕ್ಕೆ ಫ್ಯಾನ್ ಹಾಕಿ ದೋಣಿ ಓಡಿಸಿದ್ರಂತೆ. ಮೋಟರ್ ಏನೋ ಕಾರಿಂದ ಬಂತು, ಬ್ಯಾಟರೀನೂ ಕಾರಿಂದೇ ತರ್ಬೇಡಿ.

ಸರಿ, ಅಂಗಡೀಲಿ ಏನು ನೋಡ್ಬೇಕು? ಸಿಸಿಎ, ಅಂದ್ರೆ ಕೋಲ್ಡ್ ಕ್ರ್ಯಾಂಕಿಂಗ್ ಆಂಪ್, ಅಂತ ಬರ್ದಿರೋದನ್ನ ನೋಡ್ಲೇಬೇಡಿ. ಅದು ಮೈನಸ್ 18 ಡಿಗ್ರಿ ಚಳೀಲಿ 30 ಸೆಕೆಂಡ್ ಎಷ್ಟು ಕರೆಂಟ್ ಕೊಡುತ್ತೆ ಅನ್ನೋ ಲೆಕ್ಕ. ನೀವು ಮೀನು ಹಿಡಿಯೋದು 30 ಸೆಕೆಂಡಾ? ಆಂಪ್ ಅವರ್ ನೋಡಿ, ಎಷ್ಟು ಆಂಪ್ ಎಷ್ಟು ಗಂಟೆ ಬರುತ್ತೆ ಅನ್ನೋ ಲೆಕ್ಕ, ಊರಲ್ಲಿ 150 ಎಎಚ್ ಬ್ಯಾಟರಿ ಕೊಡಪ್ಪಾ ಅಂತೀವಲ್ಲ ಅದೇ. ಅದು ಬರ್ದಿಲ್ಲ ಅಂದ್ರೆ ರಿಸರ್ವ್ ಕೆಪಾಸಿಟಿ ಅಂತ ನಿಮಿಷದ ಲೆಕ್ಕ ಇರುತ್ತೆ, 25 ಆಂಪ್ ಎಳೆದ್ರೆ ಎಷ್ಟು ನಿಮಿಷ ಬರುತ್ತೆ ಅಂತ. 180 ಅಂತಿದ್ರೆ 3 ಗಂಟೆ, 25 ಮೂರಲ 75 ಆಂಪ್ ಅವರ್ ಅಂದ್ಕೊಳ್ಳಿ. ಎರಡೂ ಇಲ್ಲದೆ ಬರೀ ಸಿಸಿಎ ಇದ್ರೆ ಮೇಲೆ ದೋಣಿ ಚಿತ್ರ ಎಷ್ಟೇ ಚೆನ್ನಾಗಿರ್ಲಿ, ಮರೀನ್ ಅಂತ ಎಷ್ಟೇ ದೊಡ್ಡದಾಗಿ ಬರ್ದಿರ್ಲಿ, ಅದು ಕಾರಿನ ಬ್ಯಾಟರಿ ಬಂಧುನೇ, ವಾಪಸ್ ಇಡಿ.

ಎಷ್ಟು ಆಂಪ್ ಅವರ್ ಅಂದ್ರೆ, ನಮ್ಮ ಥರ ಸಣ್ಣ ದೋಣಿ, 55 ಪೌಂಡ್ ಥ್ರಸ್ಟ್, ಅಂದ್ರೆ ತಳ್ಳೋ ಬಲ, ಇರೋ ಮೋಟರ್ ಆದ್ರೆ ಫುಲ್ ಸ್ಪೀಡಲ್ಲಿ 50 ಆಂಪ್ ಹತ್ರ ಎಳೆಯುತ್ತೆ. ಸೀಸದ ಬ್ಯಾಟರೀನ ಅರ್ಧಕ್ಕಿಂತ ಕೆಳಗೆ ಇಳಿಸ್ಬಾರದು, ಇಳಿಸಿದಷ್ಟೂ ಆಯಸ್ಸು ಕಮ್ಮಿ. ಹಾಗಾಗಿ 100 ಎಎಚ್‌ದರಲ್ಲಿ ಫುಲ್ ಸ್ಪೀಡ್ ಒಂದು ಗಂಟೇನೂ ಪೂರ್ತಿ ಬರಲ್ಲ, ನಿಧಾನಕ್ಕೆ 10-12 ಆಂಪಲ್ಲಿ ಹೋದ್ರೆ ನಾಲ್ಕು ಗಂಟೆ ಆರಾಮ. ನೂರಕ್ಕಿಂತ ಕಮ್ಮಿ ತರ್ಬೇಡಿ ಅಂತೀನಿ ನಾನು.

ಟೈಮ್ ನೋಡಿ ಅಂತ ಸ್ಟುಡಿಯೋದವರು ಕೈ ತೋರಿಸ್ತಿದಾರೆ, ಮಾವನ ಕಥೇಲೇ ಅರ್ಧ ಹೋಯ್ತು, ಬೇಗ ಬೇಗ ಹೇಳ್ತೀನಿ. ಲಿಥಿಯಂ ತಗೊಳ್ಳಾ ಅಂತ ಕೇಳ್ತೀರಿ. ದುಡ್ಡಿದ್ರೆ ತಗೊಳ್ಳಿ, ಐರನ್ ಫಾಸ್ಫೇಟ್ ಥರದ್ದು. ಸೀಸದ್ದು 60 ಪೌಂಡ್ ಹತ್ರ ತೂಗಿದ್ರೆ ಇದು 30ರೊಳಗೆ, ನಿಮ್ಮ ಸೊಂಟಕ್ಕೆ ಒಳ್ಳೇದು, ಹೆಚ್ಚೂಕಮ್ಮಿ ಪೂರ್ತಿ ಚಾರ್ಜ್ ಬಳಸಬಹುದು. ಆದ್ರೆ ಅದು ಸೋಲ್ತಾ ಬರೋದು ಗೊತ್ತಾಗಲ್ಲ, ಚೆನ್ನಾಗಿ ಓಡ್ತಾ ಓಡ್ತಾ ಟಕ್ ಅಂತ ಆಫ್ ಆಗುತ್ತೆ, ಜೊತೆಗೆ ಸರಿಯಾದ ಹುಟ್ಟು ಇಟ್ಕೊಳ್ಳಿ, ಮಕ್ಕಳದ್ದಲ್ಲ. ಚಾರ್ಜರೂ ಲಿಥಿಯಂಗೆ ಆಗೋದೇ ಬೇಕು, ಸೊನ್ನೆ ಡಿಗ್ರಿ ಕೆಳಗೆ ಚಾರ್ಜ್ ಮಾಡ್ಲೇಬಾರದು. 24 ವೋಲ್ಟ್ ಮೋಟರ್ ಇರೋರು ಎರಡು ಬ್ಯಾಟರೀನೂ ಒಟ್ಟಿಗೇ ಬದಲಾಯಿಸಿ, ಹಳೇದಕ್ಕೆ ಹೊಸದು ಜೋಡಿ ಹಾಕಿದ್ರೆ ಹಳೇದು ಹೊಸದನ್ನೂ ಕೆಡಿಸುತ್ತೆ. ಸೀಸದ ಬ್ಯಾಟರೀನ ಅಕ್ಟೋಬರಲ್ಲಿ ಫುಲ್ ಚಾರ್ಜ್ ಮಾಡಿ ಇಡಿ, ಖಾಲಿ ಬ್ಯಾಟರಿ ಒಳಗಿನ ಆಸಿಡ್ ನೀರಿನ ಥರ ಹೆಪ್ಪುಗಟ್ಟಿ ಡಬ್ಬ ಸೀಳಿಬಿಡುತ್ತೆ. ಡಿಸ್ಟಿಲ್ಡ್ ವಾಟರ್ ಹಾಕೋ ಥರದ್ದಾದ್ರೆ ಹಾಕಿ, ನಿಮಗೆ ಹೇಳ್ಕೊಡ್ಬೇಕಾ, ಊರಲ್ಲಿ ಎಲ್ಲರೂ ಹಾಕಿರೋರೇ.

ಕೊನೇದಾಗಿ, ಹಳೇ ಬ್ಯಾಟರೀನ ಕಸಕ್ಕೆ ಎಸೀಬೇಡಿ, ಅಂಗಡಿಗೇ ತಗೊಂಡೋಗಿ, ಹೊಸದು ಕೊಳ್ಳೋವಾಗ ಹಾಕಿರೋ ಕೋರ್ ಚಾರ್ಜ್ ಅನ್ನೋ ಠೇವಣಿ ವಾಪಸ್ ಕೊಡ್ತಾರೆ. ನನ್ನ 800ರದ್ದನ್ನ ಮಾವನೇ ಕಾರಿಗೆ ಎತ್ತಿಟ್ಟು, ಜೊತೇಲಿ ಬಂದು, ಕೌಂಟರ್ ಮೇಲೆ ಇಟ್ಟು ದುಡ್ಡು ಎಣಿಸ್ಕೊಂಡ್ರು. ನಮಸ್ಕಾರ.