ಕೆರ ಹೊಲಿದವರ ಬರಿಗಾಲು

ಕೇಳುಗರೇ, ನಮಸ್ಕಾರ.

ಹಿಂದೆ ಹಳ್ಳಿಯಲ್ಲಿ ಕೆರ ಬೇಕಾದರೆ ಅಂಗಡಿಯ ಮಾತಿರಲಿಲ್ಲ. ಕೇರಿಯ ಸಮಗಾರರಿಗೋ ಮಾದಿಗರಿಗೋ ಹೇಳಿದರೆ ಪಾದದ ಅಳತೆ ಹಿಡಿದು ಮಾಡಿಕೊಡುತ್ತಿದ್ದರು. ಅದಕ್ಕೆ ಪ್ರತಿಯಾಗಿ ಸಿಗುತ್ತಿದ್ದದ್ದು ಸುಗ್ಗಿಯಲ್ಲಿ ಕಣದಿಂದ ಅಳೆದುಕೊಡುವ ಆಯದ ಕಾಳು. ಅಷ್ಟಕ್ಕೇ ವರ್ಷವಿಡೀ ಎತ್ತಿನ ಮಿಣಿ, ಬಾರುಕೋಲು, ಕಪಿಲೆಯಲ್ಲಿ ನೀರೆತ್ತುವ ತೊಗಲಿನ ಚೀಲ ಎಲ್ಲವನ್ನೂ ಮಾಡಬೇಕು, ಹರಿದರೆ ಹೊಲಿಯಬೇಕು. ಆ ಚೀಲ ಕೆಟ್ಟ ದಿನ ತೋಟಕ್ಕೆ ನೀರಿಲ್ಲ.

ಹದ ಮಾಡುವ ಕೆಲಸವಂತೂ ಬಲು ಕಷ್ಟದ್ದು. ಹಸಿ ತೊಗಲನ್ನು ಸುಣ್ಣದ ನೀರಿನಲ್ಲಿ ನೆನೆಹಾಕಿ, ಕೂದಲು ಕೆರೆದು, ಅಂಟಿದ ಮಾಂಸ ತೆಗೆದು, ಜಾಲಿ ಚಕ್ಕೆ, ಅಳಲೆಕಾಯಿ ಹಾಕಿದ ನೀರಿನಲ್ಲಿ ದಿನಗಟ್ಟಲೆ ಅದ್ದಿಡಬೇಕು. ಚಕ್ಕೆಯ ಒಗರು ಒಳಗೆ ಇಳಿದರೇನೇ ತೊಗಲು ಕೊಳೆಯದೆ ಉಳಿಯುವುದು. ಆ ವಾಸನೆಯ ನಡುವೆ, ಸುಣ್ಣ ತಿಂದ ಕೈಗಳಲ್ಲಿ ಗಂಡ ಹೆಂಡತಿ ಇಬ್ಬರೂ ದುಡಿಯುತ್ತಿದ್ದರು. ಅಟ್ಟೆಗೆ ಎಮ್ಮೆ ಕೋಣದ ದಪ್ಪ ಚರ್ಮ. ಮೊಳೆಯಿಲ್ಲ, ಹೊಲಿಗೆಯೂ ಚರ್ಮದ ಎಳೆಯದೇ. ಹೊಸದು ಕಾಲು ಕಚ್ಚುತ್ತದೆಂದು ಎಣ್ಣೆ ಕುಡಿಸಿ ಮೆದು ಮಾಡಿಕೊಳ್ಳುತ್ತಿದ್ದರು.

ಹಿರಿಯರೆದುರು, ಗುಡಿಯ ಮುಂದೆ ಮೆಟ್ಟು ಬಿಡುವುದು ಮರ್ಯಾದೆ. ಕಲಬುರಗಿ ಜಿಲ್ಲೆ ಆಳಂದ ತಾಲ್ಲೂಕಿನ ಗೋಳಾ ಗ್ರಾಮದಲ್ಲಿ ಮಾತ್ರ ಲಕ್ಕಮ್ಮ ದೇವಿಗೆ ಚಪ್ಪಲಿಯನ್ನೇ ಹರಕೆ ಕಟ್ಟುತ್ತಾರೆ. ಇವೆಲ್ಲ ನಂಬಿಕೆಯ ಮಾತು. ಆದರೆ ಮೇಲ್ಜಾತಿಯವರ ಬೀದಿಗೆ ಬಂದರೆ ದಲಿತರು ಕೆರ ಕಳಚಿ ಕೈಯಲ್ಲಿ ಹಿಡಿದು ನಡೆಯಬೇಕೆಂಬ ಕಟ್ಟಳೆ ಎಷ್ಟೋ ಊರುಗಳಲ್ಲಿತ್ತು. ಊರಿಗೆಲ್ಲ ಕೆರ ಹೊಲಿದವನು ಅದೇ ಊರಲ್ಲಿ ಬರಿಗಾಲಲ್ಲಿ ಹೋಗಬೇಕು. ಇದನ್ನು ಹಳೆಯ ಪದ್ಧತಿ ಎಂದು ಹೇಳಿ ಸುಮ್ಮನಾಗಲು ನನ್ನ ಮನಸ್ಸು ಒಪ್ಪುವುದಿಲ್ಲ. ಅದು ಅನ್ಯಾಯ.

12ನೇ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯ, ಕಲ್ಯಾಣಮ್ಮ ದಂಪತಿ ತಮ್ಮ ತೊಡೆಯ ಚರ್ಮದಿಂದಲೇ ಬಸವಣ್ಣನವರಿಗೆ ಪಾದರಕ್ಷೆ ಮಾಡಿದರೆಂದೂ, ಬಸವಣ್ಣನವರು ಅದನ್ನು ಮೆಟ್ಟದೆ ತಲೆಯ ಮೇಲಿಟ್ಟುಕೊಂಡರೆಂದೂ ಜನ ಇಂದಿಗೂ ಹೇಳುತ್ತಾರೆ. ಅದೇ ಹರಳಯ್ಯನ ಮಗನಿಗೆ ಬ್ರಾಹ್ಮಣ ಮೂಲದ ಮಧುವರಸ ಮಗಳನ್ನು ಕೊಟ್ಟಾಗ, ಬಿಜ್ಜಳನ ಆಳ್ವಿಕೆಯಲ್ಲಿ ಇಬ್ಬರು ತಂದೆಯರೂ ಪ್ರಾಣ ತೆರಬೇಕಾಯಿತು.

ಈ ಕಸುಬು ಇನ್ನೂ ಉಳಿದಿದೆ. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಸೂಚಿಕೆಯ, ಅಂದರೆ ಇದು ಇಂಥ ಸೀಮೆಯದೇ ಸರಕು ಎಂಬ ಕಾನೂನಿನ ಮಾನ್ಯತೆ ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರವೂ ಅದರಲ್ಲಿ ಸೇರಿದವು. ಅಥಣಿ ಕಡೆ ಹೆಣ್ಣುಮಕ್ಕಳು ಮನೆಯಲ್ಲೇ ಕೂತು ಚರ್ಮದ ಎಳೆ ಹೆಣೆಯುತ್ತಾರೆ. ಆ ಕಡೆ ಹೋದರೆ ಮಾಡಿದವರ ಕೈಯಿಂದಲೇ ಒಂದು ಜೊತೆ ಕೊಳ್ಳಿ. ಚೌಕಾಸಿ ಮಾಡಬೇಡಿ.

ನಮಸ್ಕಾರ.